ಕೆರೆ ದಂಡೆಯ ಕಲ್ಲಿಗೆ ನೆರಳು ಬಂದದ್ದು

ನವಲಗುಂದ ತಾಲೂಕಿನ ನಮ್ಮೂರು ಪಟ್ಟಣ ಪಂಚಾಯತಿ ಆದ ಮೇಲೆ ಬದಲಾದದ್ದು ಕಚೇರಿಯ ಬೋರ್ಡು ಒಂದೇ ಎಂದು ನಾನು ಬಹಳ ದಿನ ನಂಬಿದ್ದೆ. ಎಮ್ಮೆಗಳು ಅದೇ ಹೊತ್ತಿಗೆ ಅದೇ ರಸ್ತೆಯ ನಡುವೆ ನಿಲ್ಲುತ್ತಿದ್ದವು. ಆದರೆ ಪಟ್ಟಣ ಎಂದ ಮೇಲೆ ಅದಕ್ಕೊಂದು ಯೋಜನೆ ಬೇಕು. ಹವಾಮಾನ ಕೆಟ್ಟಿದೆ ಎಂದ ಮೇಲೆ ಆ ಯೋಜನೆಯಲ್ಲಿ ಬಿಸಿಲಿಗೊಂದು ಅಧ್ಯಾಯ ಬೇಕು. ಅಧ್ಯಾಯಕ್ಕೆ ಶೀರ್ಷಿಕೆ ಬೇಕಾದ್ದರಿಂದ ಊರಿಗೊಂದು ಗುರುತೂ ಬೇಕು. ಇಷ್ಟನ್ನೂ ಹೊತ್ತುಕೊಂಡು ಒಂದು ಏಪ್ರಿಲ್‌ನಲ್ಲಿ ಬೆಂಗಳೂರು ಕಡೆಯ ತರುಣ ನಗರ ಯೋಜಕರೊಬ್ಬರು ನಮ್ಮೂರಿಗೆ ಬಂದರು.

ಅವರ ಬಗ್ಗೆ ಕೆಟ್ಟದಾಗಿ ಹೇಳಲು ನನ್ನ ಹತ್ತಿರ ಏನೂ ಇಲ್ಲ. ಪಿಸ್ತೂಲಿನಂಥ ಒಂದು ಉಪಕರಣ ಹಿಡಿದು ಮಧ್ಯಾಹ್ನದ ಬಿಸಿಲಿನಲ್ಲಿ ಓಣಿ ಓಣಿ ತಿರುಗಿ ಕಾಂಕ್ರೀಟು ರಸ್ತೆ ಎಷ್ಟು ಕಾದಿದೆ, ಮಣ್ಣಿನ ಮಾಳಿಗೆ ಎಷ್ಟು ಕಾದಿದೆ ಎಂದು ಬರೆದುಕೊಂಡರು. ಎಲ್ಲಕ್ಕಿಂತ ಹೆಚ್ಚು ಅವರು ಮೆಚ್ಚಿದ್ದು ಕೆರೆಯನ್ನು. ನಮ್ಮ ಕಡೆ ಬೋರು ಹೊಡೆದರೆ ಸವಳು ನೀರು ಬರುತ್ತದೆ, ಅದರಲ್ಲಿ ಬೇಳೆ ಬೇಯುವುದಿಲ್ಲ. ಕುಡಿಯುವುದಕ್ಕೆ ಕೆರೆಯೇ ಗತಿ. ಈಗ ಕಾಲುವೆಯಿಂದ ಅದನ್ನು ತುಂಬಿಸಿ, ಶುದ್ಧ ಮಾಡಿ ನಳಕ್ಕೆ ಬಿಡುತ್ತಾರೆ. ಆದರೂ ಇವತ್ತಿಗೂ ಯಾರೂ ಅಲ್ಲಿ ಬಟ್ಟೆ ಒಗೆಯುವುದಿಲ್ಲ, ದನ ಇಳಿಸುವುದಿಲ್ಲ, ಚಪ್ಪಲಿ ಹಾಕಿಕೊಂಡು ಮೆಟ್ಟಿಲು ಮುಟ್ಟುವುದಿಲ್ಲ. ದಂಡೆಯ ಮೇಲೆ ಸಾಲಾಗಿ ಬಿಟ್ಟ ಚಪ್ಪಲಿಗಳ ಫೋಟೊ ತೆಗೆದು ಅವರು ಎಲ್ಲರಿಗೂ ತೋರಿಸಿದರು. ನಮ್ಮ ಚಪ್ಪಲಿಗಳನ್ನು ನಾವೇ ಮೆಚ್ಚಿಕೊಂಡೆವು.

ಕಚೇರಿಯ ತಗಡಿನ ಛಾವಣಿಯ ಕೋಣೆಯಲ್ಲಿ, ಕರೆಂಟಿಲ್ಲದ ಹೊತ್ತಿನಲ್ಲಿ, ಬಿಸಿಲಿನ ತಾಪ ತಗ್ಗಿಸುವ ಬಗ್ಗೆ ಮೊದಲ ಸಭೆ ನಡೆಯಿತು. ಮೇಜಿನ ಮೇಲೆ ಊರಿನ ದೊಡ್ಡ ನಕ್ಷೆ. ನೆರಳಿದ್ದಲ್ಲಿ ಹಸಿರು ಚುಕ್ಕೆ, ಸುಡುವಲ್ಲಿ ಕೆಂಪು ಚುಕ್ಕೆ, ನೆನಪಿದ್ದಲ್ಲಿ ಹಳದಿ ಚುಕ್ಕೆ ಅಂಟಿಸಬೇಕು. ಹಳದಿ ಚುಕ್ಕೆಗೆ ಜೊತೆಯಲ್ಲೊಂದು ಫಾರ್ಮು. ನಾನು ನನ್ನ ಫಾರ್ಮಿನಲ್ಲಿ ಸಮಾಜಶಾಸ್ತ್ರದ ಎಂ.ಎ. ಎಂದು ಬರೆದದ್ದು ನೋಡಿ ಯೋಜಕರು ಕುರ್ಚಿಯನ್ನು ನನ್ನ ಬಾಜು ಎಳೆದುಕೊಂಡರು.

"ಸರ್, ಈ ಊರಲ್ಲಿ ಬೇಸಿಗೆ ಹೊತ್ತು ಜನ ಮೊದಲಿಂದ ಎಲ್ಲಿ ಸೇರ್ತಿದ್ರು? ಅಲ್ಲೇ ನೆರಳು ಮಾಡಿದರೆ ಅದು ಊರಿನದೇ ಅನ್ನಿಸುತ್ತೆ."

ಪ್ರಶ್ನೆ ಒಳ್ಳೆಯದೇ ಇತ್ತು. ಧಾರವಾಡದಲ್ಲಿ ಪಿಎಚ್.ಡಿ.ಗೆ ನಾನು ಆರಿಸಿಕೊಂಡಿದ್ದ ವಿಷಯ, ಜನ ಬಾಯಿಂದ ಹೇಳುವ ನೆನಪುಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದು. ನಾಲ್ಕು ವರ್ಷ ಮುದುಕರನ್ನು ಮಾತಾಡಿಸಿ, ಒಬ್ಬರನ್ನೂ ಪೂರ್ತಿ ನಂಬಲಾಗದೆ, ಪ್ರಬಂಧವನ್ನು ಅರ್ಧಕ್ಕೆ ಬಿಟ್ಟು, ಆಮೇಲೆ ಮೂರು ನೌಕರಿಗಳನ್ನೂ ಹಾಗೆಯೇ ಬಿಟ್ಟವನು ನಾನು. ಅಂಥವನು ಎರಡು ನಿಮಿಷದಲ್ಲಿ ಹಳದಿ ಚುಕ್ಕೆ ಅಂಟಿಸಿದೆ. ಕೆರೆಯ ಮೆಟ್ಟಿಲುಗಳಿಂದ ಇಪ್ಪತ್ತು ಹೆಜ್ಜೆ ಮೇಲೆ ಒಂದು ಚಪ್ಪಟೆ ಕಲ್ಲಿದೆ. ನಾನು ಸಣ್ಣವನಿದ್ದಾಗ ಬೇಸಿಗೆಯಲ್ಲಿ ಹೆಂಗಸರು ಅಲ್ಲಿ ಕೊಡ ಇಟ್ಟುಕೊಂಡು ಕೂತು ಮಾತಾಡುತ್ತಿದ್ದರು, ನಗುತ್ತಿದ್ದರು, ಮೇಲೆ ಒಂದು ಬೇವಿನ ಮರವಿತ್ತು. ಹೀಗೆಂದು ಬರೆದು ಸಹಿ ಮಾಡಿದೆ.

ಮಳೆಗಾಲ ಹಿಡಿಯುವ ಮೊದಲು ಎರಡನೆಯ ಸಭೆ. ಯೋಜಕರು ಗೋಡೆಯ ಮೇಲೆ ಚಿತ್ರ ತೋರಿಸಿದರು. ಆ ಕಲ್ಲಿನ ಮೇಲೆ ಕಬ್ಬಿಣದ ಕಂಬಗಳ ಚಪ್ಪರ, ಸುತ್ತ ಕೂರುವ ಕಟ್ಟೆ, ಒಂದು ಬೇವಿನ ಸಸಿ, ತಣ್ಣೀರಿಗೆ ಮಣ್ಣಿನ ಹರವಿ. ಪಕ್ಕದಲ್ಲಿ ಬೋರ್ಡು: 'ಪಾರಂಪರಿಕ ಹರಟೆ ಕಟ್ಟೆ. ತಲೆಮಾರುಗಳಿಂದ ಊರಿನ ಹೆಂಗಸರು ಬಿಸಿಲಿನಲ್ಲಿ ದಣಿವಾರಿಸಿಕೊಳ್ಳುತ್ತಿದ್ದ ತಾಣ.' ಕೆಳಗೆ ಊರಿನ ಹೊಸ ಗುರುತು: 'ಒಂದು ಕೆರೆ, ಒಂದು ಊರು.' ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ನೆನಪಿಗೆ ಕಂಬ ಬಂದದ್ದು ನೋಡಿ ನನಗೂ ಒಳಗೊಳಗೆ ಹಿಗ್ಗಾಗಿತ್ತು.

ಹಿಂದಿನ ಸಾಲಿನಿಂದ ಅಕ್ಕೋರು ಎದ್ದು ನಿಂತರು. ನಮ್ಮೂರಿನ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ನನಗಿಂತ ನಾಲ್ಕೈದು ವರ್ಷ ದೊಡ್ಡವರು. ದಲಿತರ ಓಣಿಯವರು. ಅವರ ಮನೆಯವರೆಲ್ಲ ಈಗ ಬೌದ್ಧರು. ಊರಿನ ಅರ್ಧ ಜನಕ್ಕೆ ಮಗ್ಗಿ ಕಲಿಸಿದವರಾದ್ದರಿಂದ ಅವರು ಎದ್ದರೆ ಸಭೆ ತಾನಾಗಿ ಸುಮ್ಮನಾಗುತ್ತದೆ.

"ಸರ, ಬೋರ್ಡಿನ ಮ್ಯಾಲೆ ಊರಿನ ಹೆಂಗಸರು ಅಂತ ಬರದೀರಿ. ಯಾರ ಮನಿ ಹೆಂಗಸರು?"

ಎಲ್ಲರ ಮನೆಯವರು ಎಂದರು ಯೋಜಕರು.

"ಎಲ್ಲಾರೂ ಅಲ್ರಿ. ಅಲ್ಲಿ ಇರತಿದ್ದಾಕಿ ನಮ್ಮವ್ವ. ಇಲ್ಲಿ ಕುಂತಾರಲ್ಲ ಸಣ್ಣ ಗೌಡ್ರು," ಎಂದು ನನ್ನ ಕಡೆ ಕೈ ಮಾಡಿದರು, "ಇವರವ್ವ ಒಂದಿನಾನೂ ಆ ಕಲ್ಲಿನ ಕಡೆ ಬಂದಿಲ್ಲ. ಹರಟಿ ಹೊಡಿಯಾಕ ಹೋಗಿದ್ದಲ್ರಿ ನಾವು. ಮೆಟ್ಟಲಾ ಇಳಿಯಂಗಿರಲಿಲ್ಲ. ಮ್ಯಾಲಿನ ಓಣ್ಯಾವ್ರು ಯಾರರೆ ಬಂದು ತುಂಬಿ ಹಾಕೂತನಕಾ ಕಾಯಬೇಕಾಗಿತ್ತು."

ಅದೆಲ್ಲ ಹಳೆಯ ಮಾತು, ಈಗ ಯಾಕೆ ಎಂದು ಮುಂದಿನ ಸಾಲಿನ ಸದಸ್ಯರೊಬ್ಬರು ಮೆತ್ತಗೆ ಹೇಳಿದರು. ಹಳೆಯದು ಬೇಕು ಎಂದೇ ಅಲ್ಲವೇ ಇವರು ಕೇಳುತ್ತಿರುವುದು ಎಂದು ಅಕ್ಕೋರು ಅಷ್ಟೇ ಮೆತ್ತಗೆ ಕೇಳಿದರು. ಆಮೇಲೆ ಚಿತ್ರದಲ್ಲಿದ್ದ ಸಸಿಯ ಕಡೆ ಕೈ ತೋರಿಸಿದರು.

"ಮತ್ತ ಅಲ್ಲಿ ಬೇವಿನ ಗಿಡ ಎಲ್ಲಿತ್ರಿ? ಗಿಡ ಇದ್ದಿದ್ರ ನಮ್ಮವ್ವ ತನ್ನ ಸೆರಗ ನನ್ನ ತಲಿಮ್ಯಾಲೆ ಯಾಕ ಹೊದಸ್ತಿದ್ಲು? ನೆರಳ ಮಾಡ್ರಿ, ಬ್ಯಾಡ ಅನ್ನೂದಿಲ್ಲ. ಸ್ವಲ್ಪ ತಡಾ ಆತು, ಅಷ್ಟ. ಆದ್ರ ನಮ್ಮವ್ವ ಬಿಸಲಾಗ ಕಾದಿದ್ದನ್ನ ದಣಿವಾರಿಸ್ಕೊಂಡ್ಲು ಅಂತ ಬರೀಬ್ಯಾಡ್ರಿ."

ಯೋಜಕರ ಮುಖ ಸಣ್ಣದಾಯಿತು. ಆದರೆ ಅವರ ಕೈಯಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ನೆನಪಿಗೂ ಒಬ್ಬ ಮೂಲದವರು ಇರುತ್ತಾರೆ, ಈ ನೆನಪಿಗೆ ಮೂಲ ಇವರು ಎಂದು ನನ್ನ ಕಡೆ ನೋಡಿದರು. ಮೂಲದವರು ತಿದ್ದಿದರೆ ಬೋರ್ಡನ್ನೂ ತಿದ್ದಬಹುದು.

ನಮ್ಮದು ಶರಣರನ್ನು ನಂಬುವ ಮನೆ. ಮುಂಜಾನೆ ಪೂಜೆಯ ಹೊತ್ತಿಗೆ ಎಲ್ಲರೂ ಒಂದೇ ಎನ್ನುವ ವಚನಗಳನ್ನು ಅಜ್ಜ ಗಟ್ಟಿಯಾಗಿ ಹೇಳುತ್ತಿದ್ದ. ಅದು ಮುಗಿದ ಮೇಲೆ ನನ್ನನ್ನು ಕೆರೆಗೆ ಕಳಿಸುತ್ತಿದ್ದರು. ಧಾರವಾಡದಲ್ಲಿ ಗೆಳೆಯರ ನಡುವೆ ನಾನು ಹೇಳಿಕೊಳ್ಳುತ್ತಿದ್ದ ಒಂದು ಬಡಾಯಿಯಿದೆ: ಹತ್ತು ವರ್ಷದವನಿದ್ದಾಗ ನಾನು ತುಂಬಿದ ಬಿಂದಿಗೆಯನ್ನು ಎತ್ತಿ ಹಿಡಿದು, ಒಂದು ಮೊಳ ಕೆಳಗಿದ್ದ ಕೊಡದ ಬಾಯಿಗೆ ಒಂದು ಹನಿಯೂ ಚೆಲ್ಲದಂತೆ ನೀರು ಸುರಿಯುತ್ತಿದ್ದೆ. ಅದು ಯಾರ ಕೊಡ, ಒಂದು ಮೊಳದ ಅಂತರ ಯಾಕೆ ಎಂದು ಯಾವ ಗೆಳೆಯನೂ ಕೇಳಿರಲಿಲ್ಲ. ಅವರೆಲ್ಲ ಸಮಾಜಶಾಸ್ತ್ರದವರೇ. ನಾನೂ ಕೇಳಿಕೊಂಡಿರಲಿಲ್ಲ. ಆ ಸಭೆಯ ಕುರ್ಚಿಯಲ್ಲಿ ಕೂತಾಗ ಬಿಂದಿಗೆ, ಕೊಡ, ನೀರಿನ ಧಾರೆ ಎಲ್ಲವೂ ಮೊದಲಿನಂತೆಯೇ ಕಣ್ಣ ಮುಂದೆ ಬಂದವು. ಬೇವಿನ ಮರ ಮಾತ್ರ ಬರಲಿಲ್ಲ. ಅದನ್ನು ಬಹುಶಃ ನಾನು ಆಮೇಲೆ, ನನ್ನ ಅನುಕೂಲಕ್ಕೆ ನೆಟ್ಟುಕೊಂಡಿದ್ದೆ.

ಹೊರಗೆ ಬಂದ ಮೇಲೆ ಅಕ್ಕೋರನ್ನು ನಿಲ್ಲಿಸಿ, ನನಗೆ ನೆನಪು ಸರಿಯಾಗಿ ಇಲ್ಲ ಎಂದು ಬರೆದುಕೊಡುತ್ತೇನೆ ಎಂದೆ. ಅದು ದೊಡ್ಡ ಉದಾರತೆ ಎಂದೇ ನನ್ನ ಭಾವನೆಯಾಗಿತ್ತು.

"ನೆನಪಿಲ್ಲ ಅಂತ ಬರದ್ರ ನೀವ ಹೇಳಿದ್ದೂ ಒಂದು ನೆನಪು, ನಾ ಹೇಳಿದ್ದೂ ಒಂದು ನೆನಪು ಆಗ್ತದ. ಎರಡೂ ಅನುಮಾನ," ಎಂದರು ಅಕ್ಕೋರು. "ನೀರ ಹಾಕಿದ್ದು ನೆನಪೈತೋ ಇಲ್ಲೋ?"

"ಐತ್ರಿ."

"ಮತ್ತ ಅದನ್ನ ಬರೀರಿ. ಪೂರಾ ಪ್ರಬಂಧ ಬ್ಯಾಡ. ನಾಕ ಸಾಲು."

ನಾಲ್ಕು ಸಾಲಿಗೆ ನನಗೆ ಮೂರು ದಿನ ಹಿಡಿಯಿತು. ಪ್ರತಿ ಸಾಲಿನಲ್ಲಿ ಒಂದು 'ಬಹುಶಃ' ತಾನಾಗಿ ಬಂದು ಕೂಡುತ್ತಿತ್ತು, ಒಂದನ್ನು ಎಬ್ಬಿಸಿದರೆ 'ನನಗೆ ತಿಳಿದ ಮಟ್ಟಿಗೆ' ಬಂದು ಅದರ ಜಾಗ ಹಿಡಿಯುತ್ತಿತ್ತು. ಕಡೆಗೆ ಎಲ್ಲವನ್ನೂ ಕಿತ್ತು ಕೊಟ್ಟೆ. ಯೋಜಕರು ನಿಂತುಕೊಂಡೇ ಓದಿದರು, ಎರಡು ಸಲ ಓದಿದರು, ಬಹಳ ಮುಖ್ಯವಾದ ಮಾತು ಸರ್ ಎಂದರು. ಒಂದು ವಾರದ ಮೇಲೆ ಅವರ ಮೇಲಿನವರಿಂದ ಉತ್ತರ ಬಂತು. ಊರಿನ ಗುರುತಿಗೆ ಸಂಬಂಧಿಸಿದ ಸೂಕ್ಷ್ಮ ವಿಷಯವಾದ್ದರಿಂದ ಇದಕ್ಕೆ ಒಂದು ಹೇಳಿಕೆ ಸಾಲದು. ಅಕ್ಕೋರು ಅಷ್ಟರಲ್ಲಿ ತಮ್ಮ ಓಣಿಯ ಇಪ್ಪತ್ತು ಜನರ ಸಹಿ ತಂದಿದ್ದರು, ಅವು ಒಂದೇ ಕಡೆಯವಾದವು. ಮೇಲಿನ ಓಣಿಯ ಹಿರಿಯರಿಂದ ಇನ್ನೂ ಎರಡು ಬೇಕು. ಹರಟೆ ಹೊಡೆಯುತ್ತಿದ್ದರು ಎನ್ನುವುದಕ್ಕೆ ನಾನೊಬ್ಬನೇ ಸಾಕಾಗಿದ್ದೆ.

ಹಿರಿಯರನ್ನು ಹುಡುಕಿಕೊಂಡು ಹೋದೆ. ಎಲ್ಲರೂ ಕುಳ್ಳಿರಿಸಿ ಚಹಾ ಕೊಟ್ಟರು. ಒಬ್ಬರಿಗೆ ಆ ಕಲ್ಲೇ ನೆನಪಿರಲಿಲ್ಲ. ಇನ್ನೊಬ್ಬರು ಅದು ನಮ್ಮೂರಲ್ಲಿ ಅಲ್ಲ, ಪಕ್ಕದ ಊರಲ್ಲಿ ಇದ್ದ ಪದ್ಧತಿ ಎಂದರು. ಪಕ್ಕದ ಊರಿನವರನ್ನು ಕೇಳಿದ್ದರೆ ಅವರು ನಮ್ಮೂರ ಹೆಸರು ಹೇಳುತ್ತಿದ್ದರೇನೋ.

ಕೊನೆಗೆ ನನ್ನ ಕಾಕಾನ ಹತ್ತಿರ ಹೋದೆ. ಎಂಬತ್ತು ದಾಟಿದೆ, ಕಣ್ಣು ಮಂದ, ಮಾತು ಚೂಪು. ಪಡಸಾಲೆಯ ಜಮಖಾನದ ಮೇಲೆ ಗೋಡೆಗೆ ಒರಗಿ ನನ್ನ ನಾಲ್ಕು ಸಾಲು ಓದಿಸಿ ಕೇಳಿದ. 'ಆ ಕಲ್ಲಿನ ಮೇಲೆ ಕೂತು ಕಾಯುತ್ತಿದ್ದರು' ಎಂಬಲ್ಲಿ ಕೈ ಎತ್ತಿದ.

"ಲೇ ತಮ್ಮಾ, ಏನ ಬರದಿ ನೀ? ಕುಂತಿದ್ರ? ಅವರನ್ನ ಅಲ್ಲಿ ಯಾರ ಕುಂದರಾಕ ಬಿಡತಿದ್ರು? ಕಲ್ಲ ಕೊಡಾ ಇಡಾಕ ಇತ್ತು. ಮಂದಿ ನಿಂತಿರತಿದ್ರು."

ನಾನು ಪೆನ್ನು ತೆಗೆದೆ. ಹಾಗಾದರೆ ಇದನ್ನೇ ಬರೆದುಕೊಳ್ಳುತ್ತೇನೆ, ಸಹಿ ಮಾಡು ಎಂದೆ.

"ಬರಕೋ. ಖರೇನ ಐತಿ. ನನ್ನ ಹೆಸರ ಹಾಕಬ್ಯಾಡ."

"ಖರೇ ಇದ್ದಮ್ಯಾಲೆ ಹೆಸರ ಹಾಕಾಕ ಏನ ಕಾಕಾ?"

"ಖರೇ ಐತಿ ಅಂತನ ಹಾಕಬ್ಯಾಡ ಅನ್ನಾಕತ್ತೀನಿ," ಎಂದು ಅವನು ಗೋಡೆಯ ಕಡೆ ಹೊರಳಿದ.

ಅಕ್ಕೋರಿಗೆ ಇದನ್ನು ಹೇಳಿದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಅವ್ವ ನಿಂತಿರುತ್ತಿದ್ದಳು, ತಾನು ಸಣ್ಣವಳಾದ್ದರಿಂದ ಅವಳ ನೆರಳಿನಲ್ಲಿ ನೆಲದ ಮೇಲೆ ಕೂತಿರುತ್ತಿದ್ದೆ ಎಂದರು. ಅಂದರೆ ನಾನು ತಿದ್ದಿ ಕೊಟ್ಟ ನೆನಪಿನಲ್ಲೂ ತಪ್ಪಿತ್ತು. ತಪ್ಪು ಯಾವಾಗಲೂ ಒಂದೇ ದಿಕ್ಕಿನಲ್ಲಿ, ನನಗೆ ಸ್ವಲ್ಪ ಹಾಯೆನಿಸುವ ದಿಕ್ಕಿನಲ್ಲಿಯೇ ಆಗುತ್ತಿತ್ತು ಎಂಬುದನ್ನು ನಾನು ಪ್ರಬಂಧ ಬರೆಯುವಾಗ ಗಮನಿಸಿದ್ದರೆ ಅದು ಪೂರ್ತಿಯಾಗುತ್ತಿತ್ತೋ ಏನೋ.

ಎರಡು ಸಹಿ ಸಿಗಲೇ ಇಲ್ಲ. ಯೋಜಕರು ತಮ್ಮ ಕೈಲಾದದ್ದನ್ನು ಮಾಡಿದರು. ಹಳೆಯ ಬರಹವನ್ನು ತಾವೇ ಮೇಲಿನವರಿಗೆ ಬರೆದು ತೆಗೆಸಿದರು. ಹೊಸದನ್ನು ಹಾಕಲು ಒಪ್ಪಿಗೆ ಬರಲಿಲ್ಲ. ಚಪ್ಪರ ಮುಗಿಯಿತು, ಕಟ್ಟೆ ಮುಗಿಯಿತು, ಬೋರ್ಡಿನ ಕಬ್ಬಿಣದ ಚೌಕಟ್ಟು ಮಾತ್ರ ಒಳಗೇನೂ ಇಲ್ಲದೆ ನಿಂತಿತು. ಅದರ ಮೂಲಕ ನೋಡಿದರೆ ಕೆರೆಯ ನೀರು ಕಾಣುತ್ತದೆ, ಜನ ಅಲ್ಲಿ ನಿಂತು ಫೋಟೊ ತೆಗೆಸಿಕೊಳ್ಳತೊಡಗಿದರು. ಊರಿಗೊಂದು ಗುರುತು ಬೇಕಾಗಿತ್ತು, ಒಟ್ಟಿನಲ್ಲಿ ಸಿಕ್ಕಿತು.

ಅಕ್ಕೋರಿಗೆ ಸಕ್ಕರೆ ಕಾಯಿಲೆ. ಡಾಕ್ಟರು ಹೇಳಿದ್ದರಿಂದ ಸಂಜೆ ಕೆರೆಯ ಸುತ್ತ ನಡೆಯುತ್ತಾರೆ. ಚಪ್ಪರದಲ್ಲಿ ಕೂತವರು ಈ ಖಾಲಿ ಚೌಕಟ್ಟು ಯಾಕೆ ಎಂದು ಕೇಳಿದರೆ ನಿಂತು ಹೇಳುತ್ತಾರೆ, ಮುಂದೆ ನಡೆಯುತ್ತಾರೆ. ಕಳೆದ ಫೆಬ್ರುವರಿಯಲ್ಲಿ ಒಂದು ಸಂಜೆ, ಆಗಲೇ ಸೆಕೆ ಶುರುವಾಗಿತ್ತು, ನಾನು ಅಲ್ಲಿ ಕಟ್ಟೆಯ ಮೇಲೆ ಕೂತಿದ್ದೆ. ಹುಬ್ಬಳ್ಳಿಯಿಂದ ಬೈಕಿನಲ್ಲಿ ಬಂದ ಗಂಡಹೆಂಡತಿ ಫೋಟೊ ತೆಗೆದು ಮುಗಿಸಿ ಅಕ್ಕೋರನ್ನು ಅದೇ ಪ್ರಶ್ನೆ ಕೇಳಿದರು.

"ಇವತ್ತ ಇವರನ್ನ ಕೇಳ್ರಿ," ಎಂದು ಅಕ್ಕೋರು ನನ್ನ ಕಡೆ ಕೈ ಮಾಡಿದರು. "ಮ್ಯಾಲಿನ ಓಣ್ಯಾಗ ಸಹಿ ಮಾಡಿದಾವ್ರು ಇವರೊಬ್ಬರ." ನಿಲ್ಲಲಿಲ್ಲ. ಇನ್ನೂ ಎರಡು ಸುತ್ತು ಬಾಕಿ ಇದ್ದವು.

ನನಗೂ ಎರಡು ಸುತ್ತು ಬಾಕಿ ಇವೆ ಎನ್ನುವ ಹಾಗಿರಲಿಲ್ಲ. ನಾನು ನಡೆಯುವವನಲ್ಲ ಎಂಬುದು ನನ್ನ ಹೊಟ್ಟೆ ನೋಡಿದರೆ ಯಾರಿಗಾದರೂ ತಿಳಿಯುತ್ತದೆ. ಈಗ ಹೋದರಲ್ಲ, ಅವರ ತಾಯಿ ಇಲ್ಲಿ ಬಿಸಿಲಿನಲ್ಲಿ ಕೊಡ ಇಟ್ಟುಕೊಂಡು ನಿಂತಿರುತ್ತಿದ್ದರು, ನಾನು ಕೆರೆಯಿಂದ ನೀರು ತಂದು ಮೇಲಿಂದ ಅವರ ಕೊಡಕ್ಕೆ ಹಾಕುತ್ತಿದ್ದೆ ಎಂದೆ. ಗಂಡ ಮೊಬೈಲು ಕಿಸೆಗೆ ಇಟ್ಟ. ಹೆಂಡತಿಗೆ ಅರ್ಥವಾಗಲಿಲ್ಲ. ಅವಳಿಗೆ ಇಪ್ಪತ್ತೈದು ವಯಸ್ಸಿರಬಹುದು.

"ಮ್ಯಾಲಿಂದ ಯಾಕ ಹಾಕತಿದ್ರಿ?"

ಅಕ್ಕೋರು ಅಷ್ಟು ಹೊತ್ತಿಗೆ ಕೆರೆಯ ತಿರುವು ದಾಟಿದ್ದರು. ನಾನು ಏನು ಹೇಳಿದರೂ ಅವರಿಗೆ ಕೇಳಿಸುವಂತಿರಲಿಲ್ಲ.

"ನಮ್ಮ ಬಿಂದಿಗಿ ಅವರ ಕೊಡಕ್ಕ ಮುಟ್ಟಬಾರದಂತ," ಎಂದೆ.