ಹಂ ಅಂದರೆ ಹೂಂ ಅಲ್ಲ

ಮೊಮ್ಮಗಳು ಸನ್ಮತಿ ಕಾಲೇಜಿನಲ್ಲಿ ಏನೋ ಟ್ರೇನಿಂಗ್ ಮುಗಿಸಿಕೊಂಡು ಬಂದವಳು, ನನ್ನ ಹೊರಸಿನ ತುದಿಗೆ ಕುಳಿತು ಮುಖ ನೋಡತೊಡಗಿದಳು. ಹೊಸ ಹುಡುಗರ ಕಷ್ಟಸುಖ ಕೇಳಲು ಹಳೆಯ ಹುಡುಗರನ್ನು ತಯಾರು ಮಾಡುತ್ತಾರಂತೆ. ಮೊದಲ ಗಿರಾಕಿ ನಾನು.

"ಕಣ್ಣಿನ ಆಪರೇಶನ್ ನನಗ ಬ್ಯಾಡ. ನಾಳೆ ನಾ ಮಿರಜದ ದವಾಖಾನಿಗೆ ಬರೂದಿಲ್ಲ," ಎಂದೆ.

ಈ ಮಾತಿಗೆ ಮನೆಮಂದಿಯೆಲ್ಲ ನನ್ನ ಮೇಲೆ ಹರಿಹಾಯುತ್ತಾರೆ. ಇವಳು ಮೆಲ್ಲಗೆ ತಲೆಯಾಡಿಸಿ "ಹಂ" ಎಂದಳು.

ನನ್ನ ಕಿವಿ ನೆಟ್ಟಗಾದವು. ಆ 'ಹಂ' ನನಗೆ ಹಳೆಯ ಪರಿಚಯ.

೧೯೬೦ರ ಆಚೀಚೆಯ ಮಾತು. ನಾನು ಕೊಲ್ಲಾಪುರದಲ್ಲಿ ಸಂಸಾರ ಹೂಡಿದ್ದೆ. ನಮ್ಮವರು ಬೆಲ್ಲದ ಪೇಟೆಯಲ್ಲಿ ದುಡಿಯುತ್ತಿದ್ದರು. ನನ್ನ ತಮ್ಮ ಪಾರೀಸ ತವರೂರು ಅಕಿವಾಟದಿಂದ ಬಂದು ನಮ್ಮಲ್ಲಿದ್ದುಕೊಂಡು ಕಾಲೇಜಿಗೆ ಹೋಗುತ್ತಿದ್ದ. ನಮ್ಮ ಮನೆತನದಲ್ಲಿ ಕಾಲೇಜು ಕಂಡವನು ಅವನೊಬ್ಬನೇ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ನನ್ನ ಕೈಗೆ ಅವನನ್ನು ಒಪ್ಪಿಸಿ ಅಪ್ಪ, "ಇಂವ ಓದ ಬಿಟ್ಟ ಬಂದ್ರ ನಿನ್ನ ಕೇಳ್ತೇನಿ, ಅವನ್ನಲ್ಲ," ಎಂದಿದ್ದ. ಹೇಗಿದೆ ನೋಡ್ರಿ ನ್ಯಾಯ!

ಆಗಲೇ ಶಂಕರ ಎಂಬ ಹುಡುಗ ದಿನಾ ಸಂಜೆ ಬರತೊಡಗಿದ. ಪನ್ಹಾಳದ ಕಡೆಯವನು, ಮರಾಠಿ ಬಿಟ್ಟರೆ ಬೇರೆ ಬಾರದು, ಪಾರೀಸನಿಗಿಂತ ಎರಡು ವರ್ಷ ಮುಂದಿದ್ದ. ನಾವು ಜೈನರು, ಹೊತ್ತು ಮುಳುಗುವ ಮೊದಲೇ ನಮ್ಮ ಊಟ. ಇವನು ಸರಿಯಾಗಿ ರೊಟ್ಟಿ ಬಡಿಯುವ ಸಪ್ಪಳಕ್ಕೇ ಹಾಜರು. ಮೊದಲು ನನ್ನ ಅನುಮಾನವೆಲ್ಲ ರೊಟ್ಟಿಯ ಮೇಲೆಯೇ ಇತ್ತು.

ಕೇಳಿದರೆ, ತಾನು ಪಾರೀಸನ 'ಸೋಬತಿ', ಅಂದರೆ ಜೊತೆಗಾರ, ಎಂದ. ಅವರ ಸರ್ ಒಬ್ಬರು ದೊಡ್ಡ ಹುಡುಗರನ್ನು ರವಿವಾರ ಕೂಡಿಸಿಕೊಂಡು, ಹೊಸ ಹುಡುಗರ ಮಾತು ಕೇಳುವುದನ್ನು ಕಲಿಸುತ್ತಾರಂತೆ. "ಅಕ್ಕಾ, ಸಲ್ಲಾ ದ್ಯಾಯಚಾ ನಾಹೀ. ಫಕ್ತ ಐಕಾಯಚಂ, ಹಂ ಮ್ಹಣಾಯಚಂ." ಸಲಹೆ ಕೊಡಬಾರದು, ಬರೀ ಕೇಳಬೇಕು, ಹಂ ಅನ್ನಬೇಕು.

"ಹಂ ಅನ್ನಾಕೂ ಸಾಲಿ ಇಟ್ಟಾರೇನ? ನಮ್ಮ ಎಮ್ಮಿ ಕಲೀದನ ಅಂತದ!" ಎಂದು ನಾನು ಒಲೆಯ ಮುಂದಿನಿಂದ ಕನ್ನಡದಲ್ಲೇ ಅಂದೆ. ತಿಳಿಯದೆ ಅದಕ್ಕೂ ಅವನು "ಹಂ" ಎಂದ.

ಪುಕ್ಕಟೆ ಕೇಳುವವರನ್ನು ನಾನು ಇವತ್ತಿಗೂ ನಂಬುವುದಿಲ್ಲ. ಕೇಳಿದ ಮಾತು ಎಲ್ಲಿಗಾದರೂ ಹೋಗಲೇಬೇಕಲ್ಲ? ಸರ್ ಕಿವಿಗೆ ಹೋಗುತ್ತದೋ, ಕಾಲೇಜಿನ ಚುನಾವಣೆಯಲ್ಲಿ ವೋಟಾಗಿ ಹುಟ್ಟುತ್ತದೋ, ಯಾರಿಗೆ ಗೊತ್ತು?

ಒಂದು ಸಂಜೆ ಬಂದು, "ಪಾರೀಸ ಕುಠಂ?" ಎಂದ. ಕಾಲೇಜಿನಿಂದ ಇನ್ನೂ ಬಂದಿಲ್ಲ ಎಂದೆ. ಇವತ್ತು ಕಾಲೇಜಿಗೇ ಬರಲಿಲ್ಲವಲ್ಲ ಎಂದ. ಎಂದವನೇ ಬಿಳಿಚಿಕೊಂಡ. ನಿನ್ನೆ ಪಾರೀಸ ಹೇಳಿದ್ದನಂತೆ: ಓದು ಬಿಟ್ಟು ಇಚಲಕರಂಜಿಗೆ ಹೋಗುತ್ತೇನೆ, ದೊಡ್ಡಪ್ಪನ ಮಗನ ಹತ್ತಿರ ಮಗ್ಗ ನಡೆಸುತ್ತೇನೆ.

"ಅದಕ್ಕ ನೀ ಏನಂದಿ?"

"ಹಂ."

"ಹೂಂ ಅಂದ್ಯಾ, ಬಾಡ್ಯಾ!"

"ನಾಹೀ ಅಕ್ಕಾ, ಹಂ! ಹಂ!"

ಅವನು ಅಂದದ್ದು ಕೇಳುತ್ತಿದ್ದೇನೆ ಎನ್ನುವ ಹಂ. ನನ್ನ ತಮ್ಮನ ಕಿವಿಗೆ ಬಿದ್ದದ್ದು ಹೂಂ. ನಮ್ಮಲ್ಲಿ ಹೂಂ ಅಂದರೆ ಒಪ್ಪಿಗೆ, ಮುಗಿಯಿತು. ನನ್ನ ಮದುವೆಯೇ ಹಾಗಾದದ್ದು. "ಕೊಲ್ಲಾಪುರದ ವರ, ನಡೀತದೇನ?" ಎಂದು ಅಪ್ಪ ಕೇಳಿದಾಗ ನನ್ನ ಬಾಯ್ತುಂಬ ಹುಣಸೆಹಣ್ಣು. ಹುಳಿಗೆ ಹೂಂ ಅಂದೆ. ಎಲೆ ಅಡಿಕೆ ಹಂಚಿಯೇ ಬಿಟ್ಟರು. ವರ ಒಳ್ಳೆಯವರೇ, ಆ ಮಾತು ಬೇರೆ.

ಮರುದಿನ ಬೆಳಿಗ್ಗೆ ನಾನೂ ಶಂಕರನೂ ಇಚಲಕರಂಜಿಯ ಬಸ್ಸು ಹತ್ತಿದೆವು. ದಾರಿಯಲ್ಲಿ ಅವನು ಕೇಳಿದ್ದು ಒಂದೇ: 'ನಕೋ'ಗೆ ಕನ್ನಡದಲ್ಲಿ ಏನೆನ್ನುತ್ತಾರೆ? 'ಬ್ಯಾಡ' ಎಂದು ಕಲಿಸಿದೆ.

ಮಗ್ಗದ ಮನೆಯಲ್ಲಿ ಖಟಾಖಟ್ ಸಪ್ಪಳ. ಅಲ್ಲಿ ಹಂ ಇರಲಿ, ಹೆಣಕ್ಕೆ ಅತ್ತರೂ ಕೇಳಿಸದು. ಶಂಕರ ಬಾಗಿಲಲ್ಲೇ ನಿಂತು, "ಬ್ಯಾಡ! ಪಾರೀಸಾ, ಬ್ಯಾಡ!" ಎಂದು ಕಿರುಚಿದ. ಯಾರದೋ ಕೈ ಸಿಕ್ಕಿತೆಂದು ಹೆದರಿ ಮಾಲೀಕ ಮಗ್ಗಗಳನ್ನೆಲ್ಲ ನಿಲ್ಲಿಸಿಬಿಟ್ಟ. ಆ ಮೌನದಲ್ಲಿ ಇನ್ನೊಂದು ಬ್ಯಾಡ ಮೊಳಗಿತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಗು ನಿಂತ ಮೇಲೆ ಶಂಕರ ಮೆಲ್ಲಗೆ, "ಕಾ ರೇ?" ಎಂದ. ಯಾಕೋ?

ಪಾರೀಸ ಅವನತ್ತ ನೋಡಲಿಲ್ಲ. ನನಗೆ ಹೇಳಿದ: "ಅಕ್ಕಾ, ವರ್ಗದಾಗ 'ನನ್ನ ಪುಸ್ತಕ' ಅನ್ನಾಕ 'ಮಾಝೀ' ಅಂದ್ನಿ; ಅದು ಹೆಣ್ಣಿಗೆ ಅನ್ನೂದಂತ. 'ಮಾಝಂ' ಅನ್ನಬೇಕಂತ. ಪುಸ್ತಕಕ್ಕ ಸೀರಿ ಉಡಸಿದಾ ಅಂತ ಎಲ್ಲಾರೂ ನಕ್ಕರು. ಅವತ್ತಿನಿಂದ ವರ್ಗದಾಗ ಬಾಯಿ ತೆರದಿಲ್ಲ ನಾ."

ದಿನಾ ಅವನ ಬಾಯಿಗೆ ರೊಟ್ಟಿ ಹಾಕುತ್ತಿದ್ದ ನನಗೇ ಇದು ಗೊತ್ತಿರಲಿಲ್ಲ.

ಅಂದೇ ನಮ್ಮ ಜೊತೆ ಮರಳಿದ. ನಿಮ್ಮ ಮಾತಿಗಲ್ಲ, ಅಲ್ಲಿ ತಿಗಣೆ ಭಾಳ ಎಂದ. ಆಮೇಲೆ ಶಂಕರ ಹಂ ಬಿಟ್ಟ; "ಯಾಕ?" ಎಂಬ ಕನ್ನಡ ಕಲಿತು ತಲೆ ತಿನ್ನತೊಡಗಿದ. ಪಾರೀಸ ಬಿ.ಎ. ಮುಗಿಸಿದ. ಹಾಂ, ಮುಂದಿನ ವರ್ಷ ಶಂಕರ ಚುನಾವಣೆಗೂ ನಿಂತ. ಪಾರೀಸನ ವೋಟು ಅವನಿಗೇ ಬಿತ್ತು. ನನ್ನ ಅನುಮಾನ ಪೂರ್ತಿ ಸುಳ್ಳಾಗಿರಲಿಲ್ಲ.

ಇದನ್ನೆಲ್ಲ ಹೇಳಿ ಮುಗಿಸಿದರೂ ಸನ್ಮತಿ ಎದ್ದಿರಲಿಲ್ಲ.

"ಅಜ್ಜಿ, ಆಪರೇಶನ್ ಯಾಕ ಬ್ಯಾಡ?"

ಇಷ್ಟು ದಿನ ಎಲ್ಲರೂ ಬೈದಿದ್ದರು. ಹೀಗೆ ಕೇಳಿದವರಿಲ್ಲ.

"ಕಣ್ಣಿಗೆ ಪಟ್ಟಿ ಕಟ್ತಾರ. ಎದ್ರಿಗೆ ಯಾರ ಬಂದಾರ, ಏನ ಮಾಡಾಕತ್ತಾರ, ನನಗ ಹೆಂಗ ತಿಳೀಬೇಕ?"

"ನಾ ಬಾಜೂಕ ಕುಂತ ಎಲ್ಲಾ ಹೇಳ್ತೇನಿ. ಹೋಗೂಣೇನ?"

"ಹೂಂ."

ಹುಡುಗಿ ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದಳು. ಅನುಮಾನ ನಮ್ಮ ರಕ್ತದಲ್ಲೇ ಇದೆ.

"ಯಾವ ಹೂಂ, ಅಜ್ಜಿ?"

"ಚೀಲದಾಗ ನನ್ನ ಎರಡ ಸೀರಿ ಇಡು," ಎಂದೆ.