ಅತ್ತೆಯ ಪಾಠಾಂತರ

ಅತ್ತೆಯ ಬಲಗೈ ಕಿರುಬೆರಳು ತುಸು ಸೊಟ್ಟ. ತಾಳ ಎಣಿಸುವಾಗ ಮೊದಲು ತೊಡೆಗೆ ತಾಗುವ ಬೆರಳೇ ಅದು. ಬಲಗೈ ಎಂದೇನೋ ಬರೆದೆ. ಎಡಗೈ ಇದ್ದರೂ ಇರಬಹುದು. ಅವರು ನಮ್ಮಲ್ಲಿದ್ದ ಮೂರು ತಿಂಗಳ ನನ್ನ ಡೈರಿಯಲ್ಲಿ ಖಾಲಿ ಪುಟಗಳೇ ಹೆಚ್ಚು. ಅವನ್ನು ನೆನಪು ತನಗೆ ಬೇಕಾದಂತೆ ತುಂಬಿಕೊಂಡಿರಬಹುದೆಂಬ ಗುಮಾನಿ ನನಗೆ ಇದ್ದೇ ಇದೆ.

ಮೈಸೂರಿನಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುವ ಅತ್ತೆ, ಮೂರು ತಿಂಗಳ ವೀಸಾ ಮೇಲೆ ಡಬ್ಲಿನ್ ಬಳಿಯ ಆಡಮ್ಸ್‌ಟೌನಿನ ನಮ್ಮ ಮನೆಗೆ ಬಂದದ್ದು ಮೊಮ್ಮಗಳಿಗಾಗಿ. ಇಲ್ಲೇ ಹುಟ್ಟಿದ ನನ್ನ ಮಗಳಿಗೆ ಆಗ ಹನ್ನೊಂದು. ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. "ಊಟ ಆಯ್ತೇನೇ ಪುಟ್ಟಿ?" ಎಂದರೆ "ಐಯಾಮ್ ಗ್ರ್ಯಾಂಡ್, ಅಜ್ಜಿ", ಅಂದರೆ ಏನೂ ಬೇಡ, ಎಂದು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಒಂದು ವಾರ ನೋಡಿ ಅತ್ತೆ ಅಂದರು: "ಹೋಗೋಷ್ಟರಲ್ಲಿ ಇವಳು ನನ್ಹತ್ರ ನಾಲ್ಕು ಮಾತು ಕನ್ನಡ ಆಡ್ಲಿಲ್ಲ ಅಂದ್ರೆ, ನಾನು ಫೋನಲ್ಲಿ ಕಾಣೋ ಅಜ್ಜಿಯಾಗೇ ಉಳೀತೀನಿ ಕಣಮ್ಮಾ."

ಮಗಳ ಕೋಣೆಯಿಂದ ಸದಾ ಲಂಡನ್ ಹುಡುಗರ ಹಾಡು ಕೇಳಿಬರುತ್ತಿತ್ತು. ಅತ್ತೆ ತಮ್ಮ ದೇವರನಾಮದ ನೋಟ್‌ಬುಕ್ಕಿನ ಹಿಂಬದಿ ತೆರೆದು, ಮೇಲೆ 'ಶ್ರೀ' ಬರೆದು, ರಾಗ ತಾಳಕ್ಕೆ ಜಾಗ ಬಿಟ್ಟು, ಕೇಳಿಸಿದ್ದನ್ನು ಕನ್ನಡದಲ್ಲಿ ಗೀಚತೊಡಗಿದರು. ಸಂಜೆ ಹುಳಿಗೆ ಬೀನ್ಸ್ ಹೆಚ್ಚುತ್ತಾ ಜೋರಾಗಿ ಹಾಡಿದರು: "ಪ್ರಾಪರ್ಟಿ ಗಟ್ಟಿ... ಪ್ರಾಪರ್ಟಿ ಗಟ್ಟಿ..."

ಬಾಗಿಲು ತೆರೆಯಿತು. "ಅಜ್ಜೀ! ಇಟ್ಸ್ ಪ್ರಾಪರ್ ಗಟೆಡ್!"

"ಹಾಗಂದ್ರೇನೇ?"

"ಲೈಕ್, ವೆರಿ ಸ್ಯಾಡ್."

"ನಿನ್ನ ಇಂಗ್ಲಿಷ್ ನನ್ನ ಕಿವಿಗೆ ಹತ್ತಲ್ಲ. ಕನ್ನಡದಲ್ಲಿ ಹೇಳು."

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ, "ನೀನು ಒಗ್ಗರಣೆ ನೋಡ್ಕೋಮ್ಮ" ಎಂದರು.

ಮಗಳು ತಡವರಿಸಿದಳು. "ಹೊಟ್ಟೆ ಒಳಗೆ... ಎಲ್ಲಾ... ತೆಗೆದುಬಿಟ್ರು."

"ಓ, ಕರುಳು ಕಿತ್ತು ಬಂದ ಹಾಗೆ! ಅದು ನಮ್ಮ ಮಾತೇ ಅಲ್ವೇನೇ? ಯಾವನೋ ಲಂಡನ್ ಹುಡುಗ ಕದ್ಕೊಂಡಿದಾನೆ!"

ಮಗಳು ನಕ್ಕು, ನೋಟ್‌ಬುಕ್ಕಿನ ತಪ್ಪನ್ನು ಹೊಡೆದುಹಾಕಲು ಪೆನ್ನು ಎತ್ತಿದಳು. ಅತ್ತೆ ತಡೆದರು. "ಹಾಡಿನ ಪುಸ್ತಕದಲ್ಲಿ ಹೊಡೆದು ಹಾಕ್ಬಾರ್ದು ಕಂದಾ. ದಾಸರ ಪದಾನೇ ಒಬ್ಬೊಬ್ರು ಒಂದೊಂದು ಥರ ಹೇಳ್ತಾರೆ. ಅದೂ ಇರ್ಲಿ. ಪಕ್ಕದಲ್ಲಿ 'ಪಾಠಾಂತರ' ಅಂತ ಬರ್ದು ನಿಂದು ಹಾಕು." ಕನ್ನಡ ಬರೆಯಲು ಬಾರದವಳ ಕೈ ಹಿಡಿದು ತಾವೇ ಬರೆಸಿದರು.

ಅಂದಿನಿಂದ ದಿನಕ್ಕೊಂದು ಹಾಡು, ದಿನಕ್ಕೊಂದು ಜಗಳ. 'ನ್ಯಾಕರ್ಡ್' ಅಂದರೆ ಸುಸ್ತು ಎಂದು ಮಗಳು ಹೇಳಿದರೆ ಅತ್ತೆ ಒಪ್ಪಲಿಲ್ಲ. "ಸುಸ್ತು ಎಲ್ರಿಗೂ ಆಗುತ್ತೆ. ದಣಿದು ಹಣ್ಣಾದೆ ಅನ್ನು."

"ಯಾವ ಹಣ್ಣು, ಅಜ್ಜಿ?"

ಅವಳು ತಾನಾಗಿ ಕೇಳಿದ ಮೊದಲ ಕನ್ನಡ ಪ್ರಶ್ನೆ ಅದು ಎಂದು ಡೈರಿಯಲ್ಲಿದೆ. ಇಷ್ಟನ್ನು ನಂಬುತ್ತೇನೆ. ಇಂಗ್ಲಿಷ್ ಎಂ.ಎ. ಮಾಡಿದ ನನಗೂ ಆ ಪದಗಳಲ್ಲಿ ಅರ್ಧದಷ್ಟು ತಿಳಿದಿರಲಿಲ್ಲ. ಗ್ರ್ಯಾಂಡ್ ಕೆನಾಲ್ ಡಾಕ್‌ನ ಆಫೀಸಿನಲ್ಲಿ ಅಂಥ ಮಾತಿಗೆಲ್ಲ ಮುಗುಳ್ನಕ್ಕು ತಲೆಯಾಡಿಸಿಯೇ ವರ್ಷಗಳನ್ನು ಕಳೆದಿದ್ದೆ. "ಹಾಗಂದ್ರೇನು?" ಎಂದು ನಾಚದೆ ಕೇಳುವುದನ್ನು ಕಲಿತದ್ದು ಅತ್ತೆಯಿಂದ.

ಎರಡನೆಯ ತಿಂಗಳೋ ಮೂರನೆಯದೋ, ಬಾಯ್ಲರ್ ರಿಪೇರಿಯವನು ಬಂದಿದ್ದ. ಅಪ್ಪಟ ಡಬ್ಲಿನ್ ಮಾತು, ಅದೂ ತುಟಿಯೊಳಗೇ. ನಾನು ಎರಡು ಸಲ "ಸಾರಿ?" ಎಂದೆ. ಅಡುಗೆಮನೆಯಿಂದ ಅತ್ತೆ ಕೂಗಿದರು: "ಪ್ರೆಶರ್ ಕಮ್ಮಿ ಇದೆಯಂತೆ ಕಣಮ್ಮಾ. ಗುರುವಾರ ಬಂದು ಪಾರ್ಟ್ ಹಾಕ್ತಾನಂತೆ."

ಆಗ ನನಗೆ ಏನೂ ಹೊಳೆಯಲಿಲ್ಲ. ಹೊಳೆದದ್ದು ಅವರು ಮೈಸೂರಿಗೆ ಮರಳಿದ ಎಷ್ಟೋ ದಿನಗಳ ಮೇಲೆ. ಈಗ ಪ್ರತಿ ಭಾನುವಾರ ಅಜ್ಜಿ ಮೊಮ್ಮಗಳ ಹರಟೆ, ಅದೂ ಕನ್ನಡದಲ್ಲೇ, ಮುಗಿಯುವವರೆಗೂ ಫೋನು ನಮ್ಮ ಕೈಗೆ ಸಿಗುವುದಿಲ್ಲ. ಕಳೆದ ವಾರ ಹೇಗೋ ಸಿಕ್ಕಿದಾಗ ಕೇಳಿಯೇಬಿಟ್ಟೆ:

"ಅತ್ತೆ, ನಿಜ ಹೇಳಿ. ಆ ಹಾಡುಗಳೆಲ್ಲ ಮೊದಲ್ನೇ ದಿನದಿಂದ್ಲೂ ನಿಮಗೆ ಸರಿಯಾಗೇ ಕೇಳಿಸ್ತಿತ್ತು, ಅಲ್ವಾ?"

"ಏನಂದೆ? ಕೇಳಿಸ್ತಿಲ್ಲಮ್ಮಾ."

ಇನ್ನೊಮ್ಮೆ, ಬಿಡಿಸಿ ಬಿಡಿಸಿ ಕೇಳಿದೆ. ಆಗಲೂ ಕೇಳಿಸಲಿಲ್ಲವಂತೆ.