ನಮ್ಮ ಹೊಳೆಗೆ ನಾವು ಗೆಸ್ಟಾ?

"ನೀವು ಗೆಸ್ಟಾ?"

ಹೊಳೆಗೆ ಹೋದವರನ್ನು ಯಾರಾದರೂ ಹೀಗೆ ಕೇಳುತ್ತಾರೆಯೇ? ಕಳೆದ ವಾರ ನಮ್ಮನ್ನು ಕೇಳಿದರು. ಅದೂ ಬೀಳಗಿ ಕಡೆಯ ನಮ್ಮ ಅಕ್ಕನ ಊರಿನಲ್ಲಿ, ಕೃಷ್ಣೆಯ ಹಿನ್ನೀರಿನ ದಂಡೆಯಲ್ಲಿ.

ಅಕ್ಕನ ಮಗಳು ಶೋಭಾ ಹೆತ್ತು ಮೂರು ತಿಂಗಳಾಗಿತ್ತು. ಮರುದಿನ ಗಂಡನ ಮನೆಗೆ ಹೊರಡುವವಳು. ಅದಕ್ಕೆ ಮೊದಲು ಗಂಗಿ ಪೂಜೆ ಆಗಲೇಬೇಕು. ಗೊತ್ತಲ್ಲ, ಬಾಣಂತಿ ಹೊಳೆದಂಡೆಗೆ ಹೋಗಿ, ಐದು ಹರಳು ಆರಿಸಿ ಸಾಲಾಗಿಟ್ಟು, ಅರಿಶಿನ ಕುಂಕುಮ ಹಚ್ಚಿ, ಕೊಡ ತುಂಬಿಕೊಂಡು ಬರಬೇಕು. ಅಲ್ಲಿಯವರೆಗೆ ಅವಳು ನೀರಿನ ಕೊಡ ಎತ್ತುವಂತಿಲ್ಲ. (ಮನೆಯಲ್ಲೇ ನಳ ಇದೆಯಲ್ಲ ಎಂದು ಜಾಣತನ ತೋರಿಸಲು ಹೋಗಿ ನಾನು ಬೈಸಿಕೊಂಡೆ.)

ಜಮಖಂಡಿಯಿಂದ ಕಾರು ತಂದಿದ್ದ ನಾನೇ ಡ್ರೈವರ್. ಹೊಳೆಗೆ ಇಳಿಯುವ ಹಾದಿಗೆ ತಿರುಗಿದರೆ ಎದುರಿಗೆ ತಂತಿಬೇಲಿ, ಕಬ್ಬಿಣದ ಗೇಟು, ಒಂದು ಬೋರ್ಡು: ಪ್ರೈವೇಟ್ ಬೀಚ್. ದಂಗಾಗಿ ಬ್ರೇಕ್ ಒತ್ತಿದೆ. ಮನೆಗೆ ನಳ ಬಂದ ಮೇಲೆ ಹೊಳೆಯ ಕಡೆ ಕಾಲಿಡದ ಅಕ್ಕನಿಗೂ ಇದು ಹೊಸದು. ಸಮುದ್ರ ನೋಡಬೇಕೆಂದರೆ ಗೋವಾ ಬಸ್ ಹಿಡಿಯುವ ಜನ ನಾವು. ನಮ್ಮಲ್ಲಿ ಬೀಚ್ ಯಾವಾಗ ಹುಟ್ಟಿತು?

ಗೆಸ್ಟಾ ಎಂದು ಕೇಳಿದ ವಾಚ್‌ಮನ್ ಹತ್ತಿರ ಬಂದ. ನೀಲಿ ಯೂನಿಫಾರ್ಮು, ಕೊರಳಲ್ಲಿ ಸೀಟಿ. ಅಕ್ಕ ಕಣ್ಣು ಕಿರಿದು ಮಾಡಿ ನೋಡಿದಳು. ಯಮನಪ್ಪ! ಇದೇ ದಂಡೆಯಲ್ಲಿ ಬಲೆ ಬೀಸುತ್ತಿದ್ದ ಅಂಬಿಗರ ಯಮನಪ್ಪ. ದೋಣಿ ಕಟ್ಟಲು ಜಾಗವೇ ಉಳಿಯದ ಮೇಲೆ ಗೇಟು ಕಾಯಲು ಸೇರಿದನಂತೆ. ದಂಡೆಯನ್ನು ರೆಸಾರ್ಟಿನವರು ಲೀಸಿಗೆ ಹಿಡಿದಿದ್ದಾರಂತೆ. ಕೊಟ್ಟವರು ಯಾರು? ಅವನಿಗೂ ಗೊತ್ತಿಲ್ಲ.

"ಹೊಳಿಗೆ ಬರಾಕ ಯಾರನ್ನ ಕೇಳಬೇಕೋ ಯಮನಪ್ಪ?" ಎಂದಳು ಅಕ್ಕ.

ಅವನು ನೆಲ ನೋಡಿದ. ಒಳಗೆ ಬಿಟ್ಟರೆ ಕೆಲಸ ಹೋಗುತ್ತದೆ ಎಂದ. ಹಾಗಂತ ಬಾಣಂತಿಯನ್ನು ಬರಿಗೊಡದಲ್ಲಿ ಕಳಿಸಲು ಅವನಿಗೂ ಮನಸ್ಸಾಗಲಿಲ್ಲ. ಅಕ್ಕನ ಕೈಯಿಂದ ಕೊಡ ಇಸಿದುಕೊಂಡು ಹೋಗಿ ತಾನೇ ನೀರು ತುಂಬಿ ತಂದ. ಟೊಪ್ಪಿಗೆಯಲ್ಲಿ ಐದು ಹರಳನ್ನೂ ತಂದ.

ಅಕ್ಕ ಅವನ್ನು ಅಂಗೈಯಲ್ಲಿ ಹೊರಳಿಸಿದಳು. ಬೆಳ್ಳಗೆ, ನುಣ್ಣಗೆ, ಐದೂ ಒಂದೇ ಸೈಜು.

"ಇವು ನಮ್ಮ ಹೊಳಿ ಹರಳಲ್ಲ."

"ಖರೆ ಐತ್ರಿ ಅಕ್ಕಾರ. ನಮ್ಮವು ತೆಳಗ ಮುಚ್ಚಿ ಹೋಗ್ಯಾವ. ಮ್ಯಾಲ ಲಾರಿಲೆ ಉಸುಕು, ಕಲ್ಲು ತಂದು ಸುರುವ್ಯಾರ."

ಹೊಳೆದಂಡೆಗೆ ಹರಳನ್ನೂ ಹೊರಗಿನಿಂದ ತರಿಸುತ್ತಾರೆಯೇ? ಇಲ್ಲಿ ಊರವರು ಎಮ್ಮೆ ಮೈತೊಳೆದಿದ್ದಾರೆ, ಕೌದಿ ಒಗೆದಿದ್ದಾರೆ, ಚಿಕ್ಕಂದಿನಲ್ಲಿ ಅಕ್ಕನ ಮನೆಗೆ ರಜೆಗೆ ಬಂದಾಗ ನಾನೇ ಈಜಲು ಕಲಿತಿದ್ದೇನೆ. ಯಾರಾದರೂ ತಕರಾರು ತೆಗೆದರೆ, ಹೊಳೆಯೇನು ನಿಮ್ಮಪ್ಪನ ಆಸ್ತಿಯೇ ಎಂದು ಬಾಯಿ ಮುಚ್ಚಿಸುತ್ತಿದ್ದೆವು. ಈಗ ಹೌದು, ನಮ್ಮಪ್ಪನದೇ ಎನ್ನುವವರು ಬಂದಿದ್ದಾರೆ. ಕೈಯಲ್ಲಿ ಕಾಗದವೂ ಇದೆ.

ಅಕ್ಕ ಆ ಕಲ್ಲುಗಳನ್ನು ವಾಪಸು ಟೊಪ್ಪಿಗೆಯಲ್ಲೇ ಹಾಕಿದಳು. ಗೇಟಿನ ಹೊರಗೆ ಹಾದಿಯ ಮಣ್ಣು ಕೆದರಿ ಐದು ಒರಟು ಹರಳು ಹುಡುಕಿದಳು. ಪೂಜೆ ಅಲ್ಲೇ ಆಯಿತು. ಶೋಭಾ ಕಣ್ಣೊರೆಸಿಕೊಂಡು ಕೊಡ ಎತ್ತಿದಳು. (ಬೇಲಿಯ ಒಳಗಿನಿಂದ ಒಬ್ಬ ಗೆಸ್ಟ್ ಮಹಾಶಯರು ಫೋಟೋ ತೆಗೆದುಕೊಂಡರು.)

ಹೊರಡುವಾಗ ಯಮನಪ್ಪ ಕಾರಿನ ಕಿಟಕಿಗೆ ಬಾಗಿದ. "ಬರೂ ತಿಂಗಳ ನನ್ನ ಮಗಳ ಗಂಗಿ ಪೂಜಿ ಐತ್ರಿ," ಎಂದ ಮೆಲ್ಲಗೆ.

ಆ ದಿನ ಅವನು ರಜೆ ಹಾಕುತ್ತಾನೋ, ಗೇಟು ಹಾಕುತ್ತಾನೋ?